ಗೋಡೆಯ ಮೇಲಿನ ಲೋಗೊ ಯಾರ ಸ್ವತ್ತು?

ಬೆಸೆಂಟ್ ನಗರದ ನಮ್ಮ ಬಾಡಿಗೆ ಮನೆಯ ಹಜಾರದಲ್ಲಿ ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿಯನ್ನು ಗಾಢ ಬಣ್ಣಗಳಲ್ಲಿ ತೋರಿಸುವ ಪಾಪ್ ಆರ್ಟ್ ಮುದ್ರಣವೊಂದಿದೆ. ಊರು ಬಿಟ್ಟ ನಮ್ಮಂಥವರಿಗೆ ಅದು ತವರಿನ ನೆನಪು. ಕಾನೂನಿನ ಕಣ್ಣಿಗೆ ಮಾತ್ರ ಇನ್ನೊಬ್ಬರ ಟ್ರೇಡ್‌ಮಾರ್ಕ್.

ಅಮೆರಿಕದ ಆ್ಯಂಡಿ ವಾರ್ಹಾಲ್ 1962ರಲ್ಲಿ ಕ್ಯಾಂಪ್‌ಬೆಲ್ ಸೂಪಿನ 32 ಡಬ್ಬಿಗಳ ಚಿತ್ರ ಪ್ರದರ್ಶಿಸಿದಾಗ ಕಂಪನಿ ದಾವೆ ಹೂಡಲಿಲ್ಲ. ಈಗ ಕಾಲ ಬಿಗಿಯಾಗಿದೆ. ಜಾಕ್ ಡೇನಿಯಲ್ಸ್ ಬಾಟಲಿಯನ್ನು ಅಣಕಿಸುವ ನಾಯಿ ಆಟಿಕೆಯ ಪ್ರಕರಣದಲ್ಲಿ, ಅಣಕವನ್ನೇ ತನ್ನ ಸರಕಿನ ಗುರುತಾಗಿ ಬಳಸಿದವರಿಗೆ ಕಲೆಯ ಹೆಸರಿನ ವಿಶೇಷ ರಕ್ಷಣೆ ಸಿಗದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ಒಮ್ಮತದಿಂದ ಹೇಳಿತು.

ನಮ್ಮ ದೇಶದ ಮುಖ್ಯ ಪ್ರಕರಣಕ್ಕೆ ಬೆಸೆಂಟ್ ನಗರದ ಕಡಲತೀರಕ್ಕೂ ಬಂದು ಮೊಟ್ಟೆಯಿಡುವ ಆಲಿವ್ ರಿಡ್ಲೆ ಆಮೆಗಳೇ ಕಾರಣ. ಒಡಿಶಾದ ಧಾಮ್ರಾ ಬಂದರಿನಿಂದ ಈ ಆಮೆಗಳಿಗೆ ಅಪಾಯವೆಂದು ಗ್ರೀನ್‌ಪೀಸ್ 2010ರಲ್ಲಿ ಕಂಪ್ಯೂಟರ್ ಆಟವೊಂದನ್ನು ಮಾಡಿ, ಅದರಲ್ಲಿ ಟಾಟಾ ಲೋಗೊ ಬಳಸಿತು. ಟಾಟಾ ಸನ್ಸ್ 10 ಕೋಟಿ ರೂಪಾಯಿ ಪರಿಹಾರ ಕೇಳಿತು. ದೆಹಲಿ ಹೈಕೋರ್ಟ್ 2011ರ ಜನವರಿಯಲ್ಲಿ ಮಧ್ಯಂತರ ತಡೆ ನೀಡಲು ನಿರಾಕರಿಸಿತು. ಟೀಕೆಗಾಗಿ ಲೋಗೊ ಬಳಸುವವರಿಗೆ ಇದು ದೊಡ್ಡ ಆಸರೆ.

ಆದರೆ ಗ್ರೀನ್‌ಪೀಸ್ ಸರಕು ಮಾರುತ್ತಿರಲಿಲ್ಲ. ಮುದ್ರಣ ಮಾಡುವ ಕಲಾವಿದ ಮಾರುತ್ತಾನೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ವಿಡಂಬನೆಗೆಂದೇ ವಿನಾಯಿತಿ ಇಲ್ಲ. ಹೆಸರಾದ ಗುರುತಿನ ಕೀರ್ತಿಯಿಂದ ಅನುಚಿತ ಲಾಭ ಪಡೆದರೆ, ಸರಕು ಬೇರೆಯಾದರೂ ಅದು ಉಲ್ಲಂಘನೆ. ಆತನ ವಿಷಯ ಕೋರ್ಟಿನವರೆಗೂ ಹೋಗುವುದು ಅಪರೂಪ. ದೂರು ಬಂದರೆ ಮಾರಾಟ ತಾಣ ಚಿತ್ರವನ್ನು ತೆಗೆದುಹಾಕುತ್ತದೆ, ಅಷ್ಟೇ. ನನ್ನ ವೃತ್ತಿಯ ಅನುಭವದಿಂದ ಹೇಳುವುದಾದರೆ, ಚಿತ್ರಗಳನ್ನು ಹೋಲಿಸುವ ತಂತ್ರಾಂಶ ಅಳೆಯುವುದು ಹೋಲಿಕೆಯನ್ನು ಮಾತ್ರ. ನಕಲಿ, ಅಭಿಮಾನ, ಅಣಕ ಮೂರೂ ಅದಕ್ಕೆ ಒಂದೇ.

ನಕಲಿಯ ಭಯ ಸುಳ್ಳಲ್ಲ. 2024ರ ಜನವರಿಯಲ್ಲಿ ಹೈದರಾಬಾದ್‌ನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪಿನ ಜಾಲವೇ ಸಿಕ್ಕಿಬಿತ್ತು. ಅಲ್ಲಿ ಗ್ರಾಹಕನಿಗೆ ಮೋಸವಾಗಿತ್ತು. ಗೋಡೆಯ ಚಿತ್ರವನ್ನು ಸೋಪೆಂದು ಯಾರೂ ಕೊಳ್ಳುವುದಿಲ್ಲ. ಕೊಳ್ಳುವವನಿಗೆ ಗೊಂದಲವಾಗುತ್ತದೆಯೇ ಎಂಬುದು ಮುಖ್ಯ. ಹಾಲು ಮಹಾಮಂಡಳದ ನಂದಿನಿಗೂ ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿಗೂ ನಡೆದ ವ್ಯಾಜ್ಯದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರ ನಿಂತದ್ದೂ ಅಂಥ ಗೊಂದಲಕ್ಕೆ ಆಸ್ಪದವಿಲ್ಲವೆಂದೇ.

ಮೈಸೂರು ಸ್ಯಾಂಡಲ್ ಸರ್ಕಾರಿ ಕಂಪನಿಯದು, ನಂದಿನಿ ಹಾಲು ಉತ್ಪಾದಕರದು. ಎರಡೂ ಒಂದು ಅರ್ಥದಲ್ಲಿ ನಾಡಿನ ಆಸ್ತಿ. ಅವು ಸಣ್ಣ ಕಲಾವಿದರಿಗೆ ಸರಳ ಪರವಾನಗಿ ಕೊಡಬಹುದು: ಇಷ್ಟು ಪ್ರತಿಗಳವರೆಗೆ ಇಷ್ಟು ಗೌರವಧನ, ಸೋಪು ಅಥವಾ ಹಾಲಿನ ಪೊಟ್ಟಣದ ಮೇಲೆ ಬಳಸುವಂತಿಲ್ಲ, ಟೀಕೆಗೆ ಅನುಮತಿ ಬೇಕಿಲ್ಲ. ಕಲಾವಿದನಿಗೆ ನೋಟಿಸಿನ ಭಯ ತಪ್ಪುತ್ತದೆ, ಹೈನುಗಾರನಿಗೂ ನಾಲ್ಕು ಕಾಸು ಸೇರುತ್ತದೆ. ಹೊರನಾಡಿನ ಗೋಡೆಗಳ ಮೇಲೆ ಕನ್ನಡದ ಗುರುತು ಉಳಿಯುವುದಂತೂ ಪುಕ್ಕಟೆ ಪ್ರಚಾರ.