ಬೆನ್ನಿಗೆ ಬ್ಯಾಟರಿ ಕಟ್ಟಿಕೊಂಡ ಫೋನ್ ನಮಗೆ ಬೇಡ

ಫೋನ್ ಕವರ್‌ನಲ್ಲೇ ಬ್ಯಾಟರಿ ಇದ್ರೆ ವೈರ್ ತೂಗಾಡಲ್ಲ ಅಂತಾರೆ ಅಂಗಡಿಯೋರು. ತೂಗಾಡಿದ್ರೆ ತೂಗಾಡ್ಲಿ ಬಿಡಿ. ಆ ಕವರ್ ಒಂದೇ ಮಾಡೆಲ್‌ಗೆ ಕೂರೋದು. ಫೋನ್ ಬದಲಾಯಿಸಿದ ದಿನ ಮೂಲೆಗೆ. ಬಿಸಿಲಲ್ಲಿ ಮೊದಲೇ ಕಾದಿರೋ ಫೋನಿಗೆ ಇನ್ನೊಂದು ಲಿಥಿಯಂ ಬ್ಯಾಟರಿ ಅಂಟಿಸಿದ್ರೆ ಎರಡೂ ಬೇಗ ಸವೀತಾವೆ. ಪವರ್ ಬ್ಯಾಂಕ್ ಆದ್ರೆ ಪಂಪ್ ಮನೆ ನೆರಳಲ್ಲಿಟ್ಟು ನನ್ನ ಫೋನು, ಮಗನ ಫೋನು, ಹೆಡ್ ಟಾರ್ಚು ಎಲ್ಲಾ ಚಾರ್ಜ್ ಮಾಡಬಹುದು. ರಾತ್ರಿ ತ್ರೀ ಫೇಸ್ ಬಂದಾಗ ನೀರು ಕಟ್ಟೋಕೆ ಹೋಗ್ತೀವಿ. ಆಗ ಹಾವು ಕಚ್ಚಿ, ಕೈಲಿರೋ ಫೋನ್ ಆಫ್ ಆಗಿದ್ರೆ 108ಕ್ಕೆ ಯಾರು ಫೋನ್ ಮಾಡೋರು?

ಪವರ್ ಬ್ಯಾಂಕ್‌ನೋರೇನು ಸಾಚಾ ಅಲ್ಲ. ಬಾಕ್ಸ್ ಮೇಲೆ 10000 ಎಂಎಎಚ್ ಅಂತಿದ್ರೂ ಫೋನಿಗೆ ಸಿಗೋದು 6000ದ ಆಸುಪಾಸು. ಸಣ್ಣಕ್ಷರದಲ್ಲಿ ‘ರೇಟೆಡ್ ಕೆಪಾಸಿಟಿ’ ಅಂತಿರುತ್ತೆ, ಅದನ್ನ ನೋಡಿ ತಗೊಳ್ಳಿ. ಬಿಐಎಸ್ ಗುರುತಿಲ್ಲದ್ದನ್ನ ಸಂತೇಲಿ ಅರ್ಧ ರೇಟಿಗೆ ಕೊಟ್ರೂ ಮುಟ್ಟಬೇಡಿ.