ಮಾತು ತಡವಾದರೆ ಕನ್ನಡ ಬಿಡಬೇಕೆ?

ಬರೆಯದೆ ಎರಡು ತಿಂಗಳಾಯ್ತು. ಮಾರ್ಚ್ ಕ್ಲೋಸಿಂಗ್, ಆಮೇಲೆ ಬನಾರಸಿನ ಬಿಸಿಲು... ನೆಪಗಳಿಗೇನೂ ಕೊರತೆಯಿಲ್ಲ. ಇವತ್ತು ಬರೆಯಲೇಬೇಕು ಅನ್ನಿಸಿದ್ದು ಒಬ್ಬ ಪುಟ್ಟ ಹುಡುಗನಿಂದ.

ಕಳೆದ ಭಾನುವಾರ ಕಂಟೋನ್ಮೆಂಟಿನ ನಮ್ಮ ಮನೆಗೆ ದಾವಣಗೆರೆ ಕಡೆಯ ದಂಪತಿ ಬಂದಿದ್ದರು. ಗಂಡ ನಮ್ಮ ಬ್ಯಾಂಕಿಗೇ ವರ್ಗವಾಗಿ ಬಂದವರು. ಮನೆಗೆ ಕನ್ನಡದವರು ಬರ್ತಾರೆ ಅಂತ ನನ್ನಾಕೆ ಬೆಳಗಿನಿಂದಲೇ ಚಿತ್ರಾನ್ನದ ಸಂಭ್ರಮದಲ್ಲಿದ್ದಳು. ಆದರೆ ಅವರು ಎರಡೂವರೆ ವರ್ಷದ ಮಗನ ಕಡೆ ತಿರುಗಿದರೆ ಸಾಕು, ಹಿಂದಿ! ಅದೂ ನನ್ನ ಹಿಂದಿಯ ಹಾಗೇ, ಲಿಂಗವೂ ಇಲ್ಲ ವಚನವೂ ಇಲ್ಲ. ಯಾಕೆ ಅಂತ ಕೇಳಿದೆ. "ಇವನಿಗೆ ಇನ್ನೂ ಮಾತು ಬಂದಿಲ್ಲ ಸಾರ್. ಎರಡು ಭಾಷೆ ಕೇಳಿ ಗೊಂದಲ ಆಗಿದೆ, ಮನೇಲಿ ಕನ್ನಡ ನಿಲ್ಲಿಸಿ ಅಂದ್ರು" ಅಂತ ಆ ತಾಯಿ ಮೆಲ್ಲಗೆ ಹೇಳಿದರು.

ನಾನೂ ನನ್ನಾಕೆಯೂ ಮುಖ ಮುಖ ನೋಡಿಕೊಂಡೆವು. ಇದೇ ಮಾತನ್ನು ನಾವು 2001ರಲ್ಲಿ ಕೇಳಿದ್ದೆವು.

ಆಗ ನಮ್ಮ ಮಗನಿಗೆ ನಾಲ್ಕು ವರ್ಷ. ಉಗ್ಗು ಶುರುವಾಗಿತ್ತು. ಮನೆಯಲ್ಲಿ ಹಿಂದಿಯೊಂದನ್ನೇ ಆಡಿ ಅಂತ ಶಾಲೆಯಲ್ಲಿ ಹೇಳಿದರು. ಬಿಕಾಂ ಓದಿದ ನನಗೆ ಬಡ್ಡಿ ಲೆಕ್ಕ ಗೊತ್ತು, ಮಕ್ಕಳ ಮಾತಿನ ವಿಚಾರ ಏನು ಗೊತ್ತು? ಕನ್ನಡ ಬಿಟ್ಟೆವು. ಉಗ್ಗು ಹೋಗಲಿಲ್ಲ, ಮನೆಯಲ್ಲಿ ಮಾತೇ ಕಡಿಮೆಯಾಯ್ತು. ಬಾರದ ಭಾಷೆಯಲ್ಲಿ ಎಷ್ಟು ಕಥೆ ಹೇಳಲಿಕ್ಕಾಗುತ್ತೆ? ಹಾಸನದಿಂದ ಬಂದಿದ್ದ ಅಮ್ಮ, ಮೊಮ್ಮಗ ಏನಾದರೂ ಅಂದಾಗಲೆಲ್ಲ "ಏನಂದನೋ ಅವನು?" ಅಂತ ನನ್ನ ಮುಖ ನೋಡುತ್ತಿದ್ದಳು.

2003ರ ಬೇಸಿಗೆ ರಜೆಯಲ್ಲಿ ಅವನನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಆಯಿಷ್ ಅಂದರೆ ಮೈಸೂರಿನವರಿಗೆ ಗೊತ್ತು. 1965ರಲ್ಲಿ ಶುರುವಾದ, ಮಾತು ಮತ್ತು ಕಿವಿಯ ತೊಂದರೆಗಳಿಗೇ ಮೀಸಲಾದ ಕೇಂದ್ರ ಸರ್ಕಾರದ ಸಂಸ್ಥೆ. ಮೊದಲು ಕಿವಿಯ ಪರೀಕ್ಷೆ ಮಾಡಿದರು. ಆಮೇಲೆ ಅಲ್ಲಿನ ಥೆರಪಿಸ್ಟ್ ಹುಡುಗಿ ಕೇಳಿದಳು: "ನಿಮಗೆ ಸಲೀಸಾಗಿ ಬರೋ ಭಾಷೆ ಯಾವುದು?" ಕನ್ನಡ ಅಂದೆ. "ಮತ್ತೆ ಅದರಲ್ಲೇ ಮಾತಾಡಿ ಸಾರ್."

ಥೆರಪಿ ಅಂದರೆ ಮಗನಿಗೆ ಏನೋ ಮಾಡುತ್ತಾರೆ ಅಂದುಕೊಂಡಿದ್ದೆ. ಅರ್ಧ ಪಾಠ ನಮಗೇ ಇತ್ತು! ನೀವು ನಿಧಾನವಾಗಿ ಮಾತಾಡಿ, ಅವನಿಗೆ "ನಿಧಾನ" ಅಂತ ಗದರಬೇಡಿ. ತಡವರಿಸಿದಾಗ ಪದ ನೀವೇ ಪೂರ್ತಿ ಮಾಡಬೇಡಿ. ದಿನಾ ಸ್ವಲ್ಪ ಹೊತ್ತು ಟಿವಿ ಆರಿಸಿ ಅವನೊಬ್ಬನ ಮಾತು ಕೇಳಿ. ಸುಮಾರು 20 ಮಕ್ಕಳಲ್ಲಿ ಒಂದು ಮಗು ಒಂದಷ್ಟು ಕಾಲ ಉಗ್ಗುತ್ತದಂತೆ, ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ, ಹೋಗದವರಿಗೆ ಥೆರಪಿ ಬೇಕು. ಉಗ್ಗಾಗಲಿ ಮಾತು ತಡವಾಗುವುದಾಗಲಿ ಎರಡು ಭಾಷೆಯಿಂದ ಬರುವುದಲ್ಲ.

ಇನ್ನೊಂದು ವಿಷಯ. ಎರಡು ಭಾಷೆಯ ಮನೆಯ ಮಗುವಿನ ಪದಗಳನ್ನು ಎರಡೂ ಭಾಷೆ ಕೂಡಿಸಿ ಎಣಿಸಬೇಕು. ನಮ್ಮ ಬ್ಯಾಂಕಿನ ಮಾತಲ್ಲಿ ಹೇಳುವುದಾದರೆ, ಎರಡು ಖಾತೆ ಇರುವವನ ಒಂದೇ ಪಾಸ್‌ಬುಕ್ ನೋಡಿ ಇವನ ಹತ್ತಿರ ದುಡ್ಡಿಲ್ಲ ಅನ್ನಬಾರದು. ಎರಡನೇ ವರ್ಷ ತುಂಬಿದಾಗ ಎರಡೂ ಸೇರಿ 50 ಪದ ಇಲ್ಲ, ಎರಡೆರಡು ಪದ ಜೋಡಿಸುವುದಿಲ್ಲ ಅಂದರೆ ತೋರಿಸಲೇಬೇಕು. "ಗಂಡುಮಕ್ಕಳಿಗೆ ಮಾತು ತಡ" ಅಂತ ಕೂರುವುದೂ ತಪ್ಪು, ಭಾಷೆ ಬಿಟ್ಟು ಔಷಧಿ ಮಾಡಿದೆವು ಅಂದುಕೊಳ್ಳುವುದೂ ತಪ್ಪು.

ಈ ಊರಿನ ಡಾ. ಸುಬೋಧ್ ಕುಮಾರ್ ಸಿಂಗ್ ಅವರ ಆಸ್ಪತ್ರೆಯಲ್ಲಿ ಸೀಳುತುಟಿ ಸರಿಮಾಡಿಸಿಕೊಂಡ ಮಿರ್ಜಾಪುರದ ಕಡೆಯ ಹುಡುಗಿಯ ಕಥೆ 'ಸ್ಮೈಲ್ ಪಿಂಕಿ'. ಅದಕ್ಕೆ 2009ರಲ್ಲಿ ಆಸ್ಕರ್ ಬಂದಾಗ ಬನಾರಸಿಗೆ ಬನಾರಸೇ ಹಿಗ್ಗಿತ್ತು. ಹಿಗ್ಗಲೇಬೇಕಾದ ಕೆಲಸ ಅದು. ಆದರೆ ಅಂಗುಳವೂ ಸೀಳಿರುವ ಮಕ್ಕಳಿಗೆ ಹೊಲಿಗೆ ಬಿಚ್ಚಿದರೆ ಮುಗಿಯಲಿಲ್ಲ. ಗಾಳಿ ಮೂಗಿಗೆ ಹೋಗದಂತೆ ತಡೆದು ಪ, ಬ, ಟ, ಕ ಹೇಳಲು ಎಷ್ಟೋ ಮಕ್ಕಳಿಗೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಅದನ್ನು ಯಾರೂ ಸಿನಿಮಾ ಮಾಡುವುದಿಲ್ಲ. ಆ ಅಭ್ಯಾಸ ನಡೆಯುವುದು ಅಡುಗೆಮನೆಯಲ್ಲಿ, ಅಮ್ಮನ ಭಾಷೆಯಲ್ಲಿ.

ನನ್ನ ಮಗ ಈಗ ಪುಣೆಯಲ್ಲಿದ್ದಾನೆ. ಉಗ್ಗು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆಯಾಗಿದೆ. ಕನ್ನಡ ಅರ್ಥವಾಗುತ್ತೆ, ಉತ್ತರ ಮಾತ್ರ ಹಿಂದಿಯಲ್ಲಿ. ನಾವು ಮೈಸೂರಿನಿಂದ ಬಂದು ಮತ್ತೆ ಕನ್ನಡ ಶುರು ಮಾಡುವ ಹೊತ್ತಿಗೆ ಅವನಿಗೆ ಅದು ಬೇಡವಾಗಿತ್ತು. ಅಮ್ಮ 2009ರಲ್ಲಿ ಹೋದಳು. ಅಜ್ಜಿ ಮೊಮ್ಮಗ ಕೂತು ನೆಟ್ಟಗೆ ಹತ್ತು ನಿಮಿಷ ಮಾತಾಡಿದ್ದು ನಾನು ನೋಡಲೇ ಇಲ್ಲ. ಅದಕ್ಕೆ ಶಾಲೆಯವರನ್ನು ದೂರಿ ಏನು ಪ್ರಯೋಜನ, ಹೂಂ ಅಂದವನು ನಾನು.

ಆ ದಂಪತಿಗೆ ಹೇಳಿದ್ದು ಇಷ್ಟೇ. ಈ ವಾರವೇ ಮಗುವಿನ ಕಿವಿ ಪರೀಕ್ಷೆ ಮಾಡಿಸಿ, ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿ. ಇಲ್ಲಿ ಕನ್ನಡ ಬಲ್ಲ ಥೆರಪಿಸ್ಟ್ ಸಿಗದಿದ್ದರೂ ಚಿಂತೆಯಿಲ್ಲ, ಅವರು ನಿಮಗೆ ಹಿಂದಿಯಲ್ಲಿ ಕಲಿಸಲಿ, ನೀವು ಮನೆಗೆ ಬಂದು ಕನ್ನಡದಲ್ಲಿ ಮಾಡಿ. ಹಿಂದಿಯನ್ನು ಬೀದಿ ಕಲಿಸುತ್ತದೆ.

ಹೊರಡುವಾಗ ನನ್ನಾಕೆ "ಚಪ್ಪಲಿ ಎಲ್ಲಿ ಪುಟ್ಟಾ, ಹಾಕ್ಕೋ" ಅಂದಳು. ಹುಡುಗ ಸೀದಾ ಹೋಗಿ ತನ್ನ ಚಪ್ಪಲಿ ತಂದು ಅವಳ ಮುಂದಿಟ್ಟ. ಅವನ ಅಮ್ಮ ಕಣ್ಣೊರೆಸಿಕೊಂಡು ಬಗ್ಗಿ, ಕನ್ನಡದಲ್ಲೇ ಏನೋ ಹೇಳುತ್ತಾ ಚಪ್ಪಲಿ ತೊಡಿಸಿದರು.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಹೇಳಿದ್ದರೇ? ನೀವೇನು ಮಾಡಿದಿರಿ?