ಹೊಡೆತವೋ, ಹಿಡಿತವೋ?

ಹೊಡೆಯುವ ವಿದ್ಯೆಯು ಮೇಲೋ, ಹಿಡಿಯುವ ವಿದ್ಯೆಯು ಮೇಲೋ ಎಂಬ ವಾದವು ನಮ್ಮ ಊರುಗಳ ತರುಣರಲ್ಲಿ ಬಲು ಜೋರಾಗಿ ನಡೆದಿರುತ್ತದೆ. ಒಂದು ಓಣಿಯಲ್ಲಿ ಕರಾಟೆಯ ಶಾಲೆ, ಮುಂದಿನ ಓಣಿಯಲ್ಲಿ ಬಾಕ್ಸಿಂಗಿನ ಶಾಲೆ, ಅದರಾಚೆಗೆ ಹಿರಿಯರ ಕಾಲದ ಗರಡಿಮನೆ; ಒಂದೊಂದು ಕಡೆಯ ಶಿಷ್ಯರೂ ತಮ್ಮ ವಿದ್ಯೆಯೇ ಪ್ರಾಣರಕ್ಷಕವೆಂದೂ ಉಳಿದವು ಬರಿಯ ಆಟಗಳೆಂದೂ ಸಾಧಿಸುತ್ತಾರೆ. ವಾದಿಸುವುದು ತರುಣರ ಹಕ್ಕು. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಬೀದಿಯ ಜಗಳವು ಮುಗಿದ ಮರುದಿನ ಎರಡೂ ಪಕ್ಷದವರು ಬಂದು ಕೂಡುವುದು ವಕೀಲನ ಜಗಲಿಯ ಮೇಲೆ. ಅನೇಕ ವರ್ಷಗಳಿಂದ ಆ ಜಗಲಿಯಲ್ಲಿ ಕುಳಿತವನಾದ ನನಗೆ ಈ ವಾದದಲ್ಲಿ ಒಂದು ಮಾತನಾಡುವ ಅಧಿಕಾರವಿದೆಯೆಂದು ಭಾವಿಸಿದ್ದೇನೆ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆನು. ಸಾಮಾನ್ಯ ನಾಗರಿಕನು ಮೊದಲು ಕಲಿಯತಕ್ಕದ್ದು ಹಿಡಿತದ ವಿದ್ಯೆ. ಅದರಲ್ಲಿಯೂ ನಿಂತು ಹಿಡಿಯುವ, ಹಿಡಿದವನಿಂದ ಬಿಡಿಸಿಕೊಳ್ಳುವ, ಬಿದ್ದರೆ ಏಳುವ ವಿದ್ಯೆ. ಹೊಡೆತವು ಅದರ ಬೆನ್ನಿಗೆ ಬರತಕ್ಕದ್ದು.

ಈ ವಾದವನ್ನು ಬಾಯಿಮಾತಿನಲ್ಲಿ ಬಿಡದೆ ಕಣದಲ್ಲಿಯೇ ತೀರಿಸಹೋದವರು ಹಲವರುಂಟು. 1963ರಲ್ಲಿ ಅಮೇರಿಕೆಯ ಸಾಲ್ಟ್ ಲೇಕ್ ಪಟ್ಟಣದಲ್ಲಿ ಜೀನ್ ಲೆಬೆಲ್ ಎಂಬ ಜೂಡೋಪಟುವು ಮೈಲೋ ಸ್ಯಾವೇಜ್ ಎಂಬ ಮುಷ್ಟಿಮಲ್ಲನನ್ನು ನಾಲ್ಕನೆಯ ಸುತ್ತಿನಲ್ಲಿ ಕುತ್ತಿಗೆಯ ಪಟ್ಟಿನಿಂದ ಮೂರ್ಛೆಗೊಳಿಸಿದನು. 1976ರ ಜೂನ್ 26ರಂದು ಟೋಕಿಯೋದಲ್ಲಿ ಜಗದ್ವಿಖ್ಯಾತ ಮುಷ್ಟಿಮಲ್ಲನಾದ ಮಹಮ್ಮದ್ ಅಲಿಗೂ ಜಪಾನಿನ ಕುಸ್ತಿಯ ಅಂಟೋನಿಯೋ ಇನೋಕಿಗೂ ನಡೆದ 15 ಸುತ್ತುಗಳ ಕಾಳಗವು ಸರಿಸಮವೆಂದು ಮುಗಿಯಿತು. ಇನೋಕಿಯು ಬಹುಹೊತ್ತು ಅಂಗಾತ ಬಿದ್ದುಕೊಂಡೇ ಅಲಿಯ ಕಾಲುಗಳಿಗೆ ಒದೆಯುತ್ತಿದ್ದನು. ಅಲಿಗೆ ಗುದ್ದಲು ಸಿಕ್ಕ ಸಂಧಿಗಳು ಬೆರಳೆಣಿಕೆಯಷ್ಟು! ದುಡ್ಡು ಕೊಟ್ಟು ಬಂದವರು ಬೇಸತ್ತರೆಂದರೆ ಆಶ್ಚರ್ಯವೇನು?

ಇವೆಲ್ಲಕ್ಕೂ ಮಿಗಿಲಾಗಿ ಜಗತ್ತಿನ ಕಣ್ಣು ತೆರೆಯಿಸಿದುದು 1993ರ ನವೆಂಬರ್ 12ರ ರಾತ್ರಿ ಡೆನ್ವರ್ ನಗರದಲ್ಲಿ ನಡೆದ ಪಂದ್ಯ. ನಾನಾ ವಿದ್ಯೆಗಳ ಎಂಟು ಜನ ಮಲ್ಲರು ಅಲ್ಲಿ ಕೂಡಿದ್ದರು. ಬ್ರೆಜಿಲ್ ದೇಶದ ರಾಯ್ಸ್ ಗ್ರೇಸಿ ಎಂಬ ತೆಳುಮೈಯ ತರುಣನು ಅಂದೇ ರಾತ್ರಿ ಒಬ್ಬ ಮುಷ್ಟಿಮಲ್ಲನನ್ನೂ, ಒಬ್ಬ ಕುಸ್ತಿಗಾರನನ್ನೂ, ಕಾಲೊದೆತದಲ್ಲಿ ನುರಿತ ಇನ್ನೊಬ್ಬನನ್ನೂ ಸೋಲಿಸಿ ಗೆದ್ದನು. ಅವನು ಮಾಡಿದ್ದು ಇಷ್ಟೇ: ಗುದ್ದು ತಾಗುವ ದೂರದಲ್ಲಿ ನಿಲ್ಲದೆ ಒಳನುಗ್ಗಿ ಅಪ್ಪಿದನು, ಕೆಡಹಿದನು, ಮೇಲೇರಿದನು, ಕುತ್ತಿಗೆಗೋ ತೋಳಿಗೋ ಪಟ್ಟು ಹಾಕಿದನು. ಗುದ್ದಿಗೆ ಒಂದು ತೋಳಿನಷ್ಟು ಬಯಲು ಬೇಕು. ಅಪ್ಪುಗೆಯು ಆ ಬಯಲನ್ನೇ ನುಂಗಿಬಿಡುತ್ತದೆ. ಹಿಡಿತದ ವಿದ್ಯೆಯ ಗುಟ್ಟು ಇದೇ.

ಆದರೆ ಅಷ್ಟಕ್ಕೇ ತೀರ್ಪು ಬರೆದು ದಫ್ತರವನ್ನು ಕಟ್ಟುವಂತಿಲ್ಲ. ನಾಲ್ಕು ವರ್ಷ ಕಳೆಯುವುದರೊಳಗೆ, 1997ರ ಜುಲೈಯಲ್ಲಿ, ಅದೇ ಪಂದ್ಯಮಾಲೆಯಲ್ಲಿ ಮಾರಿಸ್ ಸ್ಮಿತ್ ಎಂಬ ಹೊಡೆತದ ವಿದ್ಯೆಯವನು ಮಾರ್ಕ್ ಕೋಲ್ಮನ್ ಎಂಬ ಭಾರಿ ಕುಸ್ತಿಗಾರನನ್ನು ಗೆದ್ದನು. ಕೋಲ್ಮನ್ನನು ಅವನನ್ನು ಕೆಡಹದೆ ಬಿಡಲಿಲ್ಲ. ಆದರೆ ಸ್ಮಿತ್ತನು ಕೆಳಗೆ ಬಿದ್ದಾಗ ಪೆಟ್ಟು ತಪ್ಪಿಸಿಕೊಳ್ಳುವುದನ್ನೂ ಮರಳಿ ಏಳುವುದನ್ನೂ ಕಲಿತು ಬಂದಿದ್ದನು. ಎದುರಾಳಿಯು ದಣಿದ ಮೇಲೆ ಕಾಲೂ ಕೈಯೂ ತಮ್ಮ ಕೆಲಸ ಮಾಡಿದವು. ಹೊಡೆಯುವವನು ಗೆದ್ದದ್ದು ಹಿಡಿತವನ್ನು ಕಲಿತ ಮೇಲೆಯೇ ಎಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಇನ್ನು ಈ ಪಂದ್ಯಗಳಿಗಿಂತ ಹೆಚ್ಚು ಬೆಲೆಯುಳ್ಳ ಒಂದು ಪಾಠವಿದೆ. ಅದನ್ನು ಕಲಿಸಿದವನು 1882ರಲ್ಲಿ ಟೋಕಿಯೋದ ಒಂದು ದೇವಾಲಯದ ಚಿಕ್ಕ ಕೋಣೆಯಲ್ಲಿ ಜೂಡೋ ಶಾಲೆಯನ್ನು ತೆರೆದ ಜಿಗೋರೋ ಕಾನೋ. ಅವನು ತನ್ನ ದೇಶದ ಹಳೆಯ ಜುಜುತ್ಸು ವಿದ್ಯೆಯನ್ನು ಕಲಿತು, ಅದರಲ್ಲಿಯ ಕಣ್ಣು ಕುಕ್ಕುವ, ಮರ್ಮಕ್ಕೆ ಹೊಡೆಯುವ ಪ್ರಯೋಗಗಳನ್ನು ದಿನದ ಸೆಣಸಾಟದಿಂದ ತೆಗೆದು ಬರಿಯ ವರಸೆಗಳಲ್ಲಿ ಉಳಿಸಿದನು. ಇದರಿಂದ ವಿದ್ಯೆಯು ಸಪ್ಪೆಯಾಯಿತೆಂದು ತೋರಬಹುದು. ಆದದ್ದು ವಿಪರೀತ! ಅಪಾಯದ ಪ್ರಯೋಗಗಳು ಹೋದುದರಿಂದ ಶಿಷ್ಯನು ಪ್ರತಿದಿನವೂ ತನ್ನನ್ನು ಪೂರ್ಣಬಲದಿಂದ ಎದುರಿಸುವ ಇನ್ನೊಬ್ಬನೊಡನೆ ಸೆಣಸಬಹುದಾಯಿತು. ಗಾಳಿಗೆ ಸಾವಿರ ಸಲ ಗುದ್ದಿದವನಿಗೆ ಗಾಳಿಯು ಒಮ್ಮೆಯೂ ತಿರುಗಿ ಗುದ್ದಿರುವುದಿಲ್ಲ. ಬೀದಿಯಲ್ಲಿ ಮೊದಲ ಪೆಟ್ಟು ಮೂಗಿಗೆ ಬಿದ್ದಾಗ ಕಣ್ಣು ಮಂಜಾಗಿ ಕೈಕಾಲು ನಡುಗಿ ಕಲಿತದ್ದೆಲ್ಲ ಮರೆಯುವುದು ಇಂಥವನಿಗೇ. ಗರಡಿಯ ಹುಡುಗನಾದರೆ ದಿನಾಲು ಹತ್ತು ಸಲ ಬಿದ್ದಿರುತ್ತಾನೆ, ಹತ್ತು ಸಲ ಉಸಿರು ಕಟ್ಟಿರುತ್ತದೆ; ಅವನಿಗೆ ಬೀಳುವುದು ಹೊಸದಲ್ಲ. ಬಾಕ್ಸಿಂಗಿನ ಶಾಲೆಗೂ ಈ ಗುಣವುಂಟು, ಅಲ್ಲಿ ಪೆಟ್ಟು ಕೊಟ್ಟು ಪೆಟ್ಟು ತಿನ್ನುತ್ತಾರೆ. ಆದಕಾರಣ ನನ್ನ ದೂರು ಹೊಡೆತದ ವಿದ್ಯೆಯ ಮೇಲಲ್ಲ. ಎದುರಾಳಿಯಿಲ್ಲದೆ ಪಟ್ಟಿಯ ಬಣ್ಣವನ್ನು ಮಾತ್ರ ಬದಲಿಸುತ್ತ ಹೋಗುವ ಶಾಲೆಗಳ ಮೇಲೆ.

ಹೊಡೆತವನ್ನೂ ಹಿಡಿತವನ್ನೂ ಎರಡು ಜಾತಿಗಳಾಗಿ ಬೇರ್ಪಡಿಸಿದುದು ನಮ್ಮ ನಾಡಿನ ಪದ್ಧತಿಯೂ ಅಲ್ಲ. ವಿಜಯದಶಮಿಯಂದು ಮೈಸೂರಿನ ಅರಮನೆಯ ಅಂಗಳದಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ಕಂಡವರಿಗೆ ಇದು ಗೊತ್ತಿದ್ದದ್ದೇ. ತಲೆ ಬೋಳಿಸಿಕೊಂಡ ಜಟ್ಟಿಯು ಬೆರಳುಗಳಿಗೆ ಮುಳ್ಳಿನ ಮುಷ್ಟಿಯನ್ನು ತೊಟ್ಟು ಒಂದು ಕೈಯಿಂದ ಗುದ್ದುತ್ತಾನೆ, ಇನ್ನೊಂದರಿಂದ ಹಿಡಿಯುತ್ತಾನೆ; ತಲೆಯಿಂದ ರಕ್ತದ ಹನಿ ಕಂಡೊಡನೆ ಕಾಳಗವು ನಿಲ್ಲುತ್ತದೆ. ಅದಕ್ಕೂ ಹಿಂದೆ, ಹನ್ನೆರಡನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರಿಗಾಗಿಯೇ ಒಂದು ಪ್ರಕರಣವನ್ನಿಟ್ಟು, ಅವರ ಊಟ, ಈಜು, ಕಂಬದ ಮೇಲಿನ ಸಾಮು ಇವನ್ನೆಲ್ಲ ವಿವರಿಸಿದ್ದಾನೆ. ರಾಜ್ಯವಾಳುವವನು ಮಲ್ಲನ ಊಟದ ಚಿಂತೆಯನ್ನೂ ಮಾಡುತ್ತಿದ್ದ ಕಾಲ ಅದು!

ಹಾಗೆಂದು ನಮ್ಮ ಗರಡಿಯ ಕುಸ್ತಿಯು ಇದ್ದಂತೆಯೇ ಬೀದಿಗೆ ಸಾಕೆಂದು ನಾನು ಹೇಳಲಾರೆ. ಕುಸ್ತಿಯಲ್ಲಿ ಸೋಲೆಂದರೆ ಬೆನ್ನು ಮಣ್ಣಿಗೆ ಹತ್ತುವುದು. ಆದುದರಿಂದ ಕೆಳಗೆ ಸಿಕ್ಕ ಪೈಲವಾನನು ಬೋರಲಾಗಿ ಮಣ್ಣಿಗೆ ಅಂಟಿಕೊಂಡು ಬಿಡುತ್ತಾನೆ. ಅಖಾಡದಲ್ಲಿ ಇದು ಜಾಣತನ. ಬೀದಿಯಲ್ಲಿ ಇದರಂಥ ಅಪಾಯ ಬೇರೊಂದಿಲ್ಲ. ಬೋರಲು ಬಿದ್ದವನಿಗೆ ಎದುರಾಳಿಯ ಕೈಯೂ ಕಾಲೂ ಕಾಣುವುದಿಲ್ಲ, ಹಿಂದಲೆಯು ತೆರೆದಿರುತ್ತದೆ. ಅಂಗಾತ ಬಿದ್ದು ಕಾಲುಗಳನ್ನು ನಡುವೆ ತಂದು ತಡೆಯುವುದನ್ನು ಬ್ರೆಜಿಲಿನವರು ಕಲಿಸುತ್ತಾರೆ. ಅದನ್ನು ನಮ್ಮ ವಸ್ತಾದರು ಸಂಕೋಚವಿಲ್ಲದೆ ಎರವಲು ತರಬಹುದು. ಆ ಬ್ರೆಜಿಲಿನವರಾದರೂ ಮಾಯೇದಾ ಎಂಬ ಜಪಾನಿ ಜೂಡೋಪಟುವಿನಿಂದ ಎರವಲು ತಂದವರೇ.

ಬ್ರೆಜಿಲಿನವರಿಗೂ ಒಂದು ಎಚ್ಚರಿಕೆ ಸಲ್ಲುತ್ತದೆ. ಅಖಾಡದಲ್ಲಿ ಕೆಮ್ಮಣ್ಣಿದೆ, ಪಂದ್ಯದಲ್ಲಿ ಮೆತ್ತೆಯಿದೆ. ಬೀದಿಯಲ್ಲಿರುವುದು ಡಾಂಬರು, ಕಲ್ಲು, ಗಟಾರದ ಅಂಚು. ಪಂದ್ಯದಲ್ಲಿ ಒಬ್ಬನಿಗೆ ಒಬ್ಬನು. ಬೀದಿಯಲ್ಲಿ ನೀವು ಒಬ್ಬನ ಮೇಲೆ ಕುಳಿತು ತೋಳು ತಿರುವುತ್ತಿರುವಾಗ ಅವನ ತಮ್ಮನು ಬೆನ್ನ ಹಿಂದೆ ಬಂದು ನಿಂತಿರುತ್ತಾನೆ. ಸೊಂಟದಲ್ಲಿ ಚೂರಿಯಿದ್ದರೆ ಅಪ್ಪಿಕೊಂಡವನಿಗೆ ಅದು ಮೊದಲು ತಿಳಿಯುವುದು ತನ್ನ ಹೊಟ್ಟೆಯಿಂದ. ಚೂರಿಯವನೊಡನೆ ಹೊಡೆದಾಡಿ ಗೆಲ್ಲುವ ವಿದ್ಯೆಯನ್ನು ಕಲಿಸುತ್ತೇನೆನ್ನುವವನಿಗೆ ಫೀ ಕೊಡಬೇಡಿರಿ. ಅಲ್ಲಿ ಓಟವೇ ವಿದ್ಯೆ. ಆದುದರಿಂದಲೇ ನಿಂತು ಹಿಡಿಯುವುದು, ಬಿದ್ದರೆ ಏಳುವುದು ಎಂದು ಮೊದಲೇ ಹೇಳಿದೆನು. ಬೀಳಿಸಿ ಮೇಲೆ ಕುಳಿತುಕೊಳ್ಳುವುದು ಕೊನೆಯ ಮಾರ್ಗ.

ಇನ್ನು ನನ್ನ ಜಗಲಿಯ ಮಾತಿಗೆ ಬರುವೆನು. ಹಿಂದೊಮ್ಮೆ ಒಬ್ಬ ತರುಣನ ತಂದೆಯು ನನ್ನಲ್ಲಿಗೆ ಬಂದರು. ಮಗನು ಒಳ್ಳೆಯವನು, ಓದುವವನು, ಮುಷ್ಟಿಯಲ್ಲಿ ಪಳಗಿದವನು. ಬಸ್ ನಿಲ್ದಾಣದಲ್ಲಿ ಕುಡಿದವನೊಬ್ಬನು ಅವನ ಅಂಗಿಯ ಕೊರಳು ಹಿಡಿದು ಬೈದು ನೂಕಿದನು. ಹುಡುಗನು ಗುದ್ದಿದ್ದು ಒಂದೇ ಸಲ. ಕುಡಿದವನು ನಿಂತ ನಿಲುವಿನಲ್ಲಿಯೇ ಹಿಂದಕ್ಕೆ ಬಿದ್ದನು. ಹಿಂದಲೆಯು ಕಟ್ಟೆಯ ಅಂಚಿಗೆ ತಾಗಿತು. ಮೂರನೆಯ ದಿನ ಸತ್ತನು. ಗುದ್ದು ಕೊಂದಿರಲಿಲ್ಲ, ಕಲ್ಲು ಕೊಂದಿತ್ತು. ಆದರೆ ಕಟಕಟೆಯಲ್ಲಿ ನಿಲ್ಲಿಸಲು ಕಲ್ಲು ಬರುವುದಿಲ್ಲವಷ್ಟೆ! ಆ ಹುಡುಗನು ಕೊನೆಗೆ ಬಿಡುಗಡೆಯಾದನು. ಅಷ್ಟರಲ್ಲಿ ಅವನ ಓದು ಮುಗಿಯಬೇಕಾದ ವರ್ಷಗಳು ತಾರೀಖುಗಳಲ್ಲಿ ಕಳೆದುಹೋಗಿದ್ದವು.

ಆತ್ಮರಕ್ಷಣೆಯ ಹಕ್ಕನ್ನು ನಮ್ಮ ಕಾನೂನು ಧಾರಾಳವಾಗಿಯೇ ಕೊಟ್ಟಿದೆ. 1860ರ ದಂಡಸಂಹಿತೆಯಲ್ಲಿ 96ರಿಂದ 106ರ ವರೆಗಿದ್ದ ಕಲಮುಗಳು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿ 34ರಿಂದ 44ರ ವರೆಗೆ ಬಂದು ಕುಳಿತಿವೆ. ಅಪಾಯದ ಅಂಜಿಕೆಯು ಯುಕ್ತವಾಗಿ ಹುಟ್ಟಿದ ಕ್ಷಣದಲ್ಲಿ ಹಕ್ಕು ಹುಟ್ಟುತ್ತದೆ. ಪೆಟ್ಟು ಬೀಳುವ ವರೆಗೆ ಕಾಯಬೇಕಾಗಿಲ್ಲ. ಆ ಅಂಜಿಕೆಯು ತೀರಿದೊಡನೆ ಹಕ್ಕೂ ತೀರುತ್ತದೆ. ಇವೆರಡರ ನಡುವೆ 37ನೆಯ ಕಲಮು ನಿಂತು, ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಕೇಡು ಮಾಡಕೂಡದೆನ್ನುತ್ತದೆ. ಪ್ರಾಣಭಯದಲ್ಲಿದ್ದವನ ಕೃತ್ಯವನ್ನು ಬಂಗಾರದ ತಕ್ಕಡಿಯಲ್ಲಿ ತೂಗಬಾರದೆಂದು ಸರ್ವೋಚ್ಚ ನ್ಯಾಯಾಲಯವು ಹಲವು ಸಲ ಹೇಳಿದೆ, ನಿಜ. ಆದರೆ ಕಬ್ಬಿಣದ ತಕ್ಕಡಿಯಲ್ಲಿಯಾದರೂ ತೂಗಿಯೇ ತೂಗುತ್ತಾರೆ. ಗುದ್ದನ್ನು ಬಿಟ್ಟ ಮೇಲೆ ಅದನ್ನು ಅರ್ಧದಲ್ಲಿ ಹಿಂದಕ್ಕೆ ತೆಗೆದುಕೊಳ್ಳಲು ಬಾರದು. ಹಿಡಿತವನ್ನು ಬಿಗಿಮಾಡಬಹುದು, ಸಡಿಲಿಸಬಹುದು, ಬಿಟ್ಟುಬಿಡಬಹುದು. 37ನೆಯ ಕಲಮಿಗೆ ಇದಕ್ಕಿಂತ ಒಪ್ಪುವ ವಿದ್ಯೆಯನ್ನು ನಾನು ಕಾಣೆ. ಮೇಲಾಗಿ, ಬರಿಗೈಯಿಂದ ತಲೆಬುರುಡೆಗೆ ಗುದ್ದಿದವನ ಕಿರುಬೆರಳಿನ ಹಿಂದಿನ ಎಲುಬು ಮುರಿಯುವುದು ವೈದ್ಯರಿಗೆ ಚಿರಪರಿಚಿತವಾದ ಗಾಯ.

ಹಿಡಿತವು ಕೊಲ್ಲುವುದೇ ಇಲ್ಲವೆಂದು ಯಾರೂ ತಿಳಿಯಬಾರದು. ಕುತ್ತಿಗೆಯ ಎರಡೂ ಬದಿಯ ರಕ್ತನಾಳಗಳನ್ನು ಒತ್ತಿದರೆ ಸುಮಾರು ಹತ್ತು ಸೆಕೆಂಡುಗಳಲ್ಲಿ ಮನುಷ್ಯನಿಗೆ ಪ್ರಜ್ಞೆ ತಪ್ಪುತ್ತದೆ. ಬಿಡದೆ ಹಿಡಿದರೆ ಪ್ರಾಣವೇ ಹೋಗುತ್ತದೆ. 2020ರ ಮೇ 25ರಂದು ಅಮೇರಿಕೆಯ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬವನು ಬೇಡಿ ತೊಟ್ಟು ಬೋರಲು ಬಿದ್ದಿದ್ದಾಗ ಪೋಲೀಸನು ಒಂಬತ್ತು ನಿಮಿಷಗಳಿಗೂ ಹೆಚ್ಚು ಹೊತ್ತು ಕುತ್ತಿಗೆಯ ಮೇಲೆ ಮೊಣಕಾಲನ್ನೂರಿದನು. ಅವನು ಸತ್ತನು, ಪೋಲೀಸನು ಸೆರೆಮನೆ ಸೇರಿದನು. ಕುತ್ತಿಗೆಯ ಪಟ್ಟನ್ನು ಕಲಿಸುವ ಗುರುವು ಬಿಡುವುದನ್ನು ಮೊದಲು ಕಲಿಸಿರಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಪ್ರಶ್ನೆಗೆ ಬೇರೆಯೇ ತೂಕ ಬರುತ್ತದೆ. ಬಲಾತ್ಕಾರ, ಅಪಹರಣ, ಆಸಿಡ್ಡಿನ ದಾಳಿ ಇವುಗಳ ಎದುರಿಗೆ ದಾಳಿಗಾರನ ಪ್ರಾಣ ತೆಗೆಯುವ ವರೆಗೂ ರಕ್ಷಣೆಯ ಹಕ್ಕು ಚಾಚುತ್ತದೆಂದು 38ನೆಯ ಕಲಮು ಸ್ಪಷ್ಟವಾಗಿ ಹೇಳಿದೆ. ಹಕ್ಕಿದೆ, ಅದನ್ನು ನಡೆಸುವ ವಿದ್ಯೆಯೆಲ್ಲಿ? ಅವರ ಮೇಲಿನ ದಾಳಿಯು ಗುದ್ದಿನಿಂದಲ್ಲ, ಬಹುಶಃ ಕೈ ಹಿಡಿಯುವುದರಿಂದ, ಜಡೆ ಸೆಳೆಯುವುದರಿಂದ, ಅದುಮಿ ಕೆಡಹುವುದರಿಂದಲೇ ತೊಡಗುತ್ತದೆ. ಕೆಳಗೆ ಸಿಕ್ಕವಳ ಗುದ್ದಿನಲ್ಲಿ ಬಲವಿರುವುದಿಲ್ಲ; ಸೊಂಟವನ್ನೆತ್ತಿ ಹೊರಳಿಸಿ, ಮೊಣಕಾಲನ್ನು ನಡುವೆ ತಂದು ನೂಕಿ ಏಳುವುದೊಂದೇ ಉಪಾಯ. ಇದನ್ನು ಪುಸ್ತಕದಿಂದ ಕಲಿಯಲು ಬಾರದು, ತನಗಿಂತ ಭಾರವಾದವರ ಕೆಳಗಿನಿಂದ ನೂರಾರು ಸಲ ಎದ್ದೇ ಕಲಿಯಬೇಕು. ವ್ಯಾಸಭಾರತದ ವಿರಾಟಪರ್ವದಲ್ಲಿ ಸೆರಗಿಗೆ ಕೈಹಾಕಿದ ಕೀಚಕನನ್ನು ದ್ರೌಪದಿಯು ನೆಲಕ್ಕೆ ಕೆಡಹಿ ರಾಜಸಭೆಗೆ ಓಡಿದಳು. ಬಿಡಿಸಿಕೊಂಡು ಜನವಿದ್ದಲ್ಲಿಗೆ ಓಡುವುದು! ಆ ಸಭೆಯವರು ಕೈಕಟ್ಟಿ ಕುಳಿತರೆಂಬುದು ಬೇರೆ ಮಾತು. ಅದು ಅವಳ ವಿದ್ಯೆಯ ಕೊರತೆಯಲ್ಲ.

ಇಂಥ ವಿದ್ಯೆಯಿರುವ ಗರಡಿಗಳಲ್ಲಿ ಅನೇಕ ಕಡೆಗೆ ಇಂದಿಗೂ ಹೆಣ್ಣುಮಕ್ಕಳು ಹೊಸ್ತಿಲು ದಾಟುವಂತಿಲ್ಲ. ಮಣ್ಣು ಮೈಲಿಗೆಯಾಗುತ್ತದೆಂಬ ವಾದವನ್ನು ಹಿರಿಯ ವಸ್ತಾದರೊಬ್ಬರು ನನ್ನ ಮುಂದೆಯೇ ಆಡಿದರು. ಅವರ ವಯಸ್ಸಿಗೂ ವಿದ್ಯೆಗೂ ನನಗೆ ಗೌರವವಿದೆಯಾದುದರಿಂದ ಆಗ ಹೆಚ್ಚು ವಾದಿಸಲಿಲ್ಲ. ಅವರ ಮೊಮ್ಮಗಳು ಸಂಜೆಯ ಬಸ್ಸಿನಲ್ಲಿ ಕಾಲೇಜಿನಿಂದ ಒಬ್ಬಳೇ ಬರುತ್ತಾಳೆಂದಷ್ಟೇ ನೆನಪಿಸಿದೆನು. ಮಣ್ಣಿನ ಅಖಾಡವನ್ನು ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಪಕ್ಕದ ಪಡಸಾಲೆಯಲ್ಲಿ ನಾಲ್ಕು ಮೆತ್ತೆ ಹಾಸಿದರೂ ನಡೆದೀತು. ವಾರಕ್ಕೆ ಮೂರು ಸಂಜೆ, ತಲಾ ಒಂದು ತಾಸು: ಮೊದಲ ತಿಂಗಳು ಬೀಳುವುದು, ಏಳುವುದು, ಬಳಿಕ ಕೈ, ಕೊರಳು, ಜಡೆಗಳನ್ನು ಬಿಡಿಸಿಕೊಳ್ಳುವುದು, ಆ ಮೇಲೆ ಬಾಕ್ಸಿಂಗಿನವರೊಬ್ಬರನ್ನು ಕರೆಯಿಸಿ ತಲೆಗೆ ಕೈ ಅಡ್ಡಹಿಡಿಯುವುದನ್ನೂ, ಅಂಗೈಯಿಂದ ಗದ್ದಕ್ಕೆ ಕೊಡುವ ಒಂದು ಪೆಟ್ಟನ್ನೂ ಕಲಿಸುವುದು. ವಸ್ತಾದರು ಯೋಚಿಸಿ ಹೇಳುವೆನೆಂದಿದ್ದಾರೆ. ಮೆತ್ತೆಗಳ ಖರ್ಚನ್ನು ನಾವು ನಾಲ್ಕು ಜನ ವಕೀಲರು ಹಂಚಿಕೊಳ್ಳುವೆವೆಂದು ಅವರಿಗೆ ಮಾತು ಕೊಟ್ಟು ಬಂದಿದ್ದೇನೆ.